ಗ್ಯಾರೇಜಿಗೆ ವಿನೈಲ್ ಟೈಲ್ಸ್: ಮೇಲೆ ಟೈರು, ಕೆಳಗೆ ತೇವ, ನಡುವೆ ಮೂರು ಮಿಲಿಮೀಟರ್

ಹೊಸದಾಗಿ ವಿನೈಲ್ ಟೈಲ್ಸ್ ಹಾಕಿಸಿದ ಗ್ಯಾರೇಜಿನಿಂದ ಕೆಲವು ತಿಂಗಳ ನಂತರ ಕಾರನ್ನು ಹೊರಗೆ ತೆಗೆದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಚಕ್ರ ನಿಂತಿದ್ದ ನಾಲ್ಕೂ ಕಡೆ ಅಂಗೈ ಅಗಲದ ಕಂದು ಕಲೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಬ್ರಷ್ ಹಿಡಿದರೂ ಹೋಗುವುದಿಲ್ಲ. ಇನ್ನು ಕೆಲವರ ಗ್ಯಾರೇಜಿನಲ್ಲಿ ಕಲೆಯ ಕಾಟ ಇರುವುದಿಲ್ಲ. ಅಲ್ಲಿ ಟೈಲುಗಳ ಸಂದಿಯಿಂದ ಅಂಟಂಟಾದ ಏನೋ ಒಸರುತ್ತದೆ, ಮೂಲೆಗಳು ಮೇಲೇಳುತ್ತವೆ, ಕಾಲಿಟ್ಟರೆ ಟೈಲ್ ಅಲುಗುತ್ತದೆ.

ಎರಡೂ ಕಡೆ ಬೈಗುಳ ತಿನ್ನುವುದು ಟೈಲು. ಆದರೆ ಮೊದಲನೆಯದು ಟೈರಿನ ಕೆಲಸ, ಎರಡನೆಯದು ಕೆಳಗಿನ ಕಾಂಕ್ರೀಟಿನಲ್ಲಿದ್ದ ನೀರಿನ ಕೆಲಸ. ಟೈಲ್ ಈ ಎರಡರ ನಡುವೆ ಸಿಕ್ಕಿಕೊಂಡಿದೆ, ಅಷ್ಟೇ. ಗ್ಯಾರೇಜಿನ ನೆಲಕ್ಕೆ ಏನು ಹಾಕಬೇಕು, ಹೇಗೆ ಹಾಕಬೇಕು, ಹಾಕಿದ ಮೇಲೆ ಹೇಗೆ ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಟೈರು ಮತ್ತು ತೇವದ ಹತ್ತಿರವೇ.

## ವಿನೈಲ್ ಅಂದರೆ ಏನು?

ನೀರಿನ ಪೈಪಿಗೆ ಬಳಸುವ ಪಿವಿಸಿ ಗೊತ್ತಲ್ವಾ? ವಿನೈಲ್ ಅಂದರೂ ಅದೇ, ಪಾಲಿವಿನೈಲ್ ಕ್ಲೋರೈಡ್. ಪೈಪಿನಲ್ಲಿ ಅದು ಗಟ್ಟಿಯಾಗಿರುತ್ತದೆ, ಬಗ್ಗಿಸಿದರೆ ಸೀಳುತ್ತದೆ. ಅದೇ ಪಿವಿಸಿಗೆ ಎಣ್ಣೆಯಂಥ ಒಂದು ದ್ರವ ಬೆರೆಸಿದರೆ ಮೆತ್ತಗಾಗಿ ಬಳುಕುತ್ತದೆ. ಈ ದ್ರವಕ್ಕೆ ಪ್ಲಾಸ್ಟಿಸೈಜರ್ ಎಂದು ಹೆಸರು. ಒಣಗಿ ಬಿರುಸಾದ ಚರ್ಮಕ್ಕೆ ಎಣ್ಣೆ ತಿಕ್ಕಿದರೆ ಮೆದುವಾಗುವ ಹಾಗೆ. ಈ ಹೆಸರು ನೆನಪಿರಲಿ, ಟೈರಿನ ಕಲೆಯ ಕಥೆಯಲ್ಲಿ ಮತ್ತೆ ಬರುತ್ತದೆ.

ಪಿವಿಸಿಯನ್ನು ಗಮನಿಸಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಜರ್ಮನಿಯ ಯೂಜೆನ್ ಬೌಮನ್, 1872ರಲ್ಲಿ. ಆಗ ಅದು ಯಾವ ಕೆಲಸಕ್ಕೂ ಬರಲಿಲ್ಲ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ ಅದನ್ನು ಮೆತ್ತಗೆ ಮಾಡುವ ದಾರಿ ಕಂಡುಕೊಂಡರು. ತಮಾಷೆ ಏನೆಂದರೆ, ಗುಡ್‌ರಿಚ್ ಟೈರ್ ಮಾಡುತ್ತಿದ್ದ ಕಂಪನಿ. ಸೆಮನ್ ಆಗ ಹುಡುಕುತ್ತಿದ್ದದ್ದು ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದನ್ನು. 1933ರಲ್ಲಿ ಶಿಕಾಗೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ವಿನೈಲ್ ಟೈಲಿನ ನೆಲವನ್ನು ಜನರಿಗೆ ತೋರಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಮನೆ, ಶಾಲೆ, ಆಸ್ಪತ್ರೆಗಳಲ್ಲೆಲ್ಲ ಹರಡಿತು.

## ಒಂದೇ ಹೆಸರು, ಬೇರೆ ಬೇರೆ ಟೈಲು

ಅಂಗಡಿಯಲ್ಲಿ ‘ವಿನೈಲ್ ಟೈಲ್ಸ್’ ಎಂದು ಕೇಳಿದರೆ ಗುಣದಲ್ಲಿ ಒಂದಕ್ಕೊಂದು ಹೊಂದದ ಮೂರು ಸಾಮಾನು ತೋರಿಸಬಹುದು.

ಒಂದು, ವಿಸಿಟಿ, ಅಂದರೆ ವಿನೈಲ್ ಕಾಂಪೊಸಿಷನ್ ಟೈಲ್. ಹೆಸರಿನಲ್ಲಿ ವಿನೈಲ್ ಇದ್ದರೂ ಇದರಲ್ಲಿ ಜಾಸ್ತಿ ಇರುವುದು ಸುಣ್ಣದಕಲ್ಲಿನ ಪುಡಿ. ಆ ಪುಡಿಯನ್ನು ಹಿಡಿದಿಡುವಷ್ಟು ಮಾತ್ರ ಪಿವಿಸಿ ಇರುತ್ತದೆ. ಸಾಮಾನ್ಯ ಅಳತೆ 12 ಇಂಚು ಉದ್ದ, 12 ಇಂಚು ಅಗಲ, ಸುಮಾರು 3 ಮಿ.ಮೀ. ದಪ್ಪ. ಬಣ್ಣ ಮೇಲಿನಿಂದ ಕೆಳಗಿನವರೆಗೂ ಒಂದೇ. ಹಾಗಾಗಿ ಸವೆದರೂ ಗೀರಿದರೂ ಒಳಗಿನಿಂದ ಅದೇ ಬಣ್ಣ ಕಾಣುತ್ತದೆ. ಬಿರುಸು, ಬಾಳಿಕೆ ಚೆನ್ನಾಗಿದೆ. ಆದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಪಾಲಿಶ್ ಬೇಕೇ ಬೇಕು.

ಎರಡು, ಎಲ್‌ವಿಟಿ, ಅಂದರೆ ಲಕ್ಷುರಿ ವಿನೈಲ್ ಟೈಲ್. ಮರ, ಕಲ್ಲಿನ ಹಾಗೆ ಕಾಣುವ ಟೈಲುಗಳು ಇವು. ಇವುಗಳಲ್ಲಿ ಪದರಗಳಿರುತ್ತವೆ: ಕೆಳಗೆ ತಳ, ಅದರ ಮೇಲೆ ಮುದ್ರಿಸಿದ ಚಿತ್ರ, ಅದರ ಮೇಲೆ ಸವೆತ ತಡೆಯುವ ಪಾರದರ್ಶಕ ಪದರ. ಈ ಮೇಲಿನ ಪದರದ ದಪ್ಪವನ್ನು ‘ಮಿಲ್’ನಲ್ಲಿ ಹೇಳುತ್ತಾರೆ. ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ. ಅದನ್ನು ಮಿಲಿಮೀಟರ್ ಎಂದುಕೊಂಡು ಮೋಸ ಹೋಗಬೇಡಿ. 20 ಮಿಲ್ ಅಂದರೆ ಅರ್ಧ ಮಿ.ಮೀ. ಮಾತ್ರ. ಆ ಪದರ ಸವೆದು ಹೋದರೆ ಚಿತ್ರವೂ ಹೋಯಿತು. ಮನೆಯೊಳಗಿನ ಬಳಕೆಗೆಂದು ಮಾಡಿದ ಎಷ್ಟೋ ಎಲ್‌ವಿಟಿ ಪೆಟ್ಟಿಗೆಗಳ ಮೇಲೆ ಗ್ಯಾರೇಜಿಗೆ ಬೇಡ ಎಂದೇ ಬರೆದಿರುತ್ತದೆ. ಹಣ ಕೊಡುವ ಮುಂಚೆ ಆ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು. ಹಿಂದಿನ ಕಾಗದ ಕಿತ್ತು ಅಂಟಿಸುವ ತೆಳು ಟೈಲುಗಳ ಕಥೆಯೂ ಹೀಗೆಯೇ. ಕೋಣೆಯೊಳಗೆ ಪರವಾಗಿಲ್ಲ, ಕಾರಿನ ಕೆಳಗೆ ಬಾಳುವುದಿಲ್ಲ.

ಮೂರು, ಗ್ಯಾರೇಜಿಗೆಂದೇ ಬರುವ ದಪ್ಪನೆಯ ಲಾಕ್ ಟೈಲು. 5ರಿಂದ 7 ಮಿ.ಮೀ. ದಪ್ಪ ಇರುತ್ತದೆ. ಅಂಚಿನಲ್ಲಿ ಮಕ್ಕಳ ಜಿಗ್‌ಸಾ ಆಟದ ತುಂಡಿನಂಥ ಹಲ್ಲುಗಳು. ಅಂಟು ಬೇಡ, ಒಂದಕ್ಕೊಂದು ಸಿಕ್ಕಿಸಿ ನೆಲದ ಮೇಲೆ ಸುಮ್ನೆ ಹಾಸುವುದು.

## ಟೈರು ಯಾಕೆ ಕಲೆ ಮಾಡುತ್ತದೆ?

ಎಲ್ಲರೂ ಮೊದಲು ಅಂದುಕೊಳ್ಳುವುದು ಇದು ಕೊಳೆ ಎಂದು. ಇದು ಕೊಳೆಯಲ್ಲ, ಅದಕ್ಕೇ ಒರೆಸಿದರೆ ಹೋಗುವುದಿಲ್ಲ.

ಬಿಸಿಲು ಮತ್ತು ಗಾಳಿಯಲ್ಲಿರುವ ಓಜೋನ್ ತಗುಲಿ ರಬ್ಬರು ಬಿರುಕು ಬಿಡುತ್ತದೆ. ಅದನ್ನು ತಡೆಯಲು ಟೈರ್ ಮಾಡುವಾಗಲೇ ಕೆಲವು ರಕ್ಷಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ಒಳಗೇ ಕೂತರೆ ಪ್ರಯೋಜನವಿಲ್ಲ. ನಿಧಾನವಾಗಿ ಟೈರಿನ ಮೇಲ್ಮೈಗೆ ಬರುತ್ತಲೇ ಇರಬೇಕು, ಅವುಗಳ ಕೆಲಸವೇ ಅದು. ಹಳೆಯ ಟೈರಿನ ಪಕ್ಕಕ್ಕೆ ಬರುವ ಕಂದು ಛಾಯೆ ನೋಡಿದ್ದೀರಲ್ಲ, ಅದು ಇದೇ.

ಈಗ ಆ ಟೈರನ್ನು ಮೆತ್ತನೆಯ ವಿನೈಲಿನ ಮೇಲೆ ನಿಲ್ಲಿಸಿದ್ದೇವೆ. ವಿನೈಲಿನಲ್ಲಿರುವ ಪ್ಲಾಸ್ಟಿಸೈಜರ್ ಇಂಥ ರಾಸಾಯನಿಕಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದೂರ ಓಡಿ ಬಂದ ಟೈರು ಬಿಸಿಯಾಗಿರುತ್ತದೆ, ಬಿಸಿಯಲ್ಲಿ ಈ ಸಾಗಣೆ ಇನ್ನೂ ಚುರುಕು. ಹೀಗೆ ಬಣ್ಣ ಟೈಲಿನ ಮೈಯೊಳಗೇ ಇಳಿಯುತ್ತದೆ. ಬಿಳಿ ಬಟ್ಟೆಗೆ ಬಿದ್ದ ಶಾಯಿಯ ಹಾಗೆ ಅದು ನೂಲಿನೊಳಗೇ ಹೋಗಿರುತ್ತದೆ. ಸೋಪಿಗೆ ಎಟಕುವುದು ಮೇಲ್ಮೈ ಮಾತ್ರ.

ಇದನ್ನು ಬರದಂತೆ ತಡೆಯಬಹುದು, ಬಂದ ಮೇಲೆ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಅತಿ ಸುಲಭದ ದಾರಿ, ಚಕ್ರ ನಿಲ್ಲುವ ಸಾಲಿಗೆ ಕಪ್ಪು ಅಥವಾ ಗಾಢ ಬೂದು ಬಣ್ಣದ ಟೈಲು ಹಾಕುವುದು. ಕಲೆ ಆಗಲಿ, ಕಾಣುವುದಿಲ್ಲ. ನನ್ನನ್ನು ಕೇಳಿದರೆ ನಾನು ಹೇಳುವುದು ಇದನ್ನೇ. ಇಲ್ಲವೇ ಟೈರು ಮತ್ತು ಟೈಲಿನ ನಡುವೆ ಏನಾದರೂ ಹಾಸಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ: ರಬ್ಬರ್ ಮ್ಯಾಟ್ ತಂದು ಹಾಸುತ್ತಾರೆ. ಟೈರೂ ರಬ್ಬರೇ, ಮ್ಯಾಟೂ ರಬ್ಬರೇ. ನಾಲ್ಕು ಸಣ್ಣ ಕಲೆಯ ಬದಲು ಮ್ಯಾಟಿನ ಅಳತೆಯ ದೊಡ್ಡ ಕಲೆ ಬರುತ್ತದೆ. ಹಿಂದೆ ರಬ್ಬರ್ ಇಲ್ಲದ ಕಾರ್ಪೆಟ್ ತುಂಡು ಅಥವಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆ ಹಾಕಿದರೆ ಸಾಕು. ವಿಸಿಟಿಯ ಮೇಲಿರುವ ಪಾಲಿಶ್ ಪದರವೂ ಒಂದು ಮಟ್ಟಿಗೆ ಟೈಲನ್ನು ಕಾಯುತ್ತದೆ. ಕಲೆ ಪಾಲಿಶಿನಲ್ಲೇ ನಿಂತಿದ್ದರೆ ಪಾಲಿಶ್ ಕಿತ್ತಾಗ ಅದೂ ಹೋಗುತ್ತದೆ.

ಭಾರದ ಲೆಕ್ಕವನ್ನೂ ನೋಡೋಣ. 1,500 ಕೆ.ಜಿ. ಕಾರು ಅಂದರೆ ಒಂದು ಚಕ್ರದ ಮೇಲೆ ಸುಮಾರು 375 ಕೆ.ಜಿ. ಟೈರಿನಲ್ಲಿ 33 ಪಿಎಸ್ಐ ಗಾಳಿ ಇದ್ದರೆ ಆ ಭಾರ ಸರಿಸುಮಾರು 160 ಚದರ ಸೆಂ.ಮೀ. ಜಾಗದಲ್ಲಿ ಹಂಚಿಹೋಗುತ್ತದೆ. ಒಂದು ಪೋಸ್ಟ್‌ಕಾರ್ಡಿನಷ್ಟು ಜಾಗ. ಗಟ್ಟಿ ನೆಲಕ್ಕೆ ಚೆನ್ನಾಗಿ ಅಂಟಿದ ಟೈಲ್ ಇದನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ತೊಂದರೆ ಕೊಡುವುದು ಭಾರಕ್ಕಿಂತ ತಿರುಚುವಿಕೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಆ ಪೋಸ್ಟ್‌ಕಾರ್ಡಿನ ಮೇಲೆ 375 ಕೆ.ಜಿ. ಇಟ್ಟು ಹಿಂಡಿದ ಹಾಗಾಗುತ್ತದೆ. ಟೈಲ್ ಅಂಟಿನಿಂದ ಬಿಡಿಸಿಕೊಳ್ಳುವುದು ಆಗಲೇ. ಕಾರು ಸ್ವಲ್ಪ ಚಲಿಸುತ್ತಿರುವಾಗ ತಿರುಗಿಸುವ ಅಭ್ಯಾಸ ಮಾಡಿಕೊಂಡರೆ ನೆಲಕ್ಕೂ ಒಳ್ಳೆಯದು, ಟೈರಿಗೂ ಒಳ್ಳೆಯದು.

## ಒಣಗಿದ ಕಾಂಕ್ರೀಟಿನೊಳಗೆ ನೀರು ಎಲ್ಲಿಂದ?

ಕಾಂಕ್ರೀಟ್ ನೋಡಲು ಕಲ್ಲಿನಂತಿದ್ದರೂ ಗುಣದಲ್ಲಿ ಸ್ಪಂಜಿಗೆ ಹತ್ತಿರ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಕಲೆಸುವಾಗ ಹಾಕಿದ ನೀರಿನಲ್ಲಿ ಒಂದಷ್ಟನ್ನು ಸಿಮೆಂಟ್ ಗಟ್ಟಿಯಾಗಲು ಬಳಸಿಕೊಳ್ಳುತ್ತದೆ. ಉಳಿದ ನೀರು ಮೇಲಿನಿಂದ ಆವಿಯಾಗಿ ಹೋಗಬೇಕು. ಅದಕ್ಕೆ ತಿಂಗಳುಗಳೇ ಬೇಕು. ಒಣ ಹವೆಯಲ್ಲಿ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕೆಲಸದವರ ಅಂದಾಜು. ನಾಲ್ಕು ಇಂಚಿನ ನೆಲಕ್ಕೆ ನಾಲ್ಕು ತಿಂಗಳು. ‘28 ದಿನ ಆಯ್ತಲ್ಲ, ಇನ್ನೇನು’ ಅನ್ನುವವರು ಬಲ ಬರುವುದನ್ನೂ ಒಣಗುವುದನ್ನೂ ಒಂದೇ ಎಂದುಕೊಂಡಿರುತ್ತಾರೆ. 28 ದಿನ ಬಲದ ಲೆಕ್ಕ. ಒಣಗುವುದರ ಲೆಕ್ಕ ಬೇರೆ.

ಹಳೆಯ ನೆಲದಲ್ಲೂ ನೀರಿರುತ್ತದೆ. ಕಾಂಕ್ರೀಟಿನ ಕೆಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಕದಿದ್ದರೆ ಮಣ್ಣಿನ ತೇವ ವರ್ಷವಿಡೀ ಆವಿಯಾಗಿ ಮೇಲೆ ಬರುತ್ತಿರುತ್ತದೆ. ನೆಲ ಬರಿದಾಗಿದ್ದಷ್ಟು ದಿನ ಅದು ಯಾರಿಗೂ ಗೊತ್ತಾಗುವುದಿಲ್ಲ, ಗಾಳಿಗೆ ಸೇರಿಹೋಗುತ್ತದೆ. ಮೇಲೆ ವಿನೈಲ್ ಹಾಸಿದ ದಿನ ಪಾತ್ರೆಗೆ ಮುಚ್ಚಳ ಹಾಕಿದಂತಾಯಿತು. ಬಂದ ಆವಿ ಅಲ್ಲೇ ನಿಲ್ಲುತ್ತದೆ. ಸಿಮೆಂಟಿನ ಕ್ಷಾರವೂ ಅದರ ಜೊತೆ ಸೇರಿಕೊಳ್ಳುತ್ತದೆ. ಕ್ಷಾರದ ನೀರು ಮಾಮೂಲಿ ಅಂಟನ್ನು ಕರಗಿಸಿ ಲೋಳೆ ಮಾಡುತ್ತದೆ. ಸಂದಿಯಿಂದ ಒಸರುವುದು ಈ ಲೋಳೆಯೇ. ಒಣಗಿದ ಸಂದಿಯಲ್ಲಿ ಬಿಳಿ ಪುಡಿ ಕಂಡರೆ ಅದು ನೀರು ಹೊತ್ತು ತಂದು ಬಿಟ್ಟುಹೋದ ಉಪ್ಪು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. ಕಡಿಮೆ ಎಂದರೆ 16 ಗಂಟೆ ಬಿಡಿ, ಒಂದು ದಿನ ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಕಿತ್ತು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಕಾಂಕ್ರೀಟ್ ಆ ಚೌಕದಲ್ಲಿ ಮಾತ್ರ ಕಪ್ಪಾಗಿದ್ದರೆ, ಕೆಲಸ ಮುಂದಕ್ಕೆ ಹಾಕಿ. ಮೂರು ನಾಲ್ಕು ಕಡೆ ಮಾಡಬೇಕು, ಅದರಲ್ಲೂ ಗೋಡೆಯ ಬುಡದಲ್ಲಿ ಮತ್ತು ಬಾಗಿಲ ಹತ್ತಿರ ಮರೆಯದೆ ಮಾಡಬೇಕು. ಆದರೆ ಹಾಳೆ ಒಣಗಿದ್ದ ಮಾತ್ರಕ್ಕೆ ನೆಲ ಪಾಸಾಯಿತು ಎಂದಲ್ಲ. ಈ ಪರೀಕ್ಷೆಗೆ ತಿಳಿಯುವುದು ಮೇಲ್ಮೈಯ ಸುದ್ದಿ. ಆಳದ ಸುದ್ದಿ ಬೇಕಾದರೆ ನೆಲದ ದಪ್ಪದ ಶೇ 40ರಷ್ಟು ಆಳಕ್ಕೆ ರಂಧ್ರ ಕೊರೆದು ಒಳಗೆ ತೇವ ಅಳೆಯುವ ಕಡ್ಡಿ ಇಡುತ್ತಾರೆ. ಅಲ್ಲಿನ ತೇವಾಂಶ ಎಷ್ಟರೊಳಗೆ ಇರಬೇಕು ಎಂಬುದನ್ನು ಅಂಟಿನ ಡಬ್ಬಿಯ ಮೇಲೆ ಬರೆದಿರುತ್ತಾರೆ.

ತೇವ ಜಾಸ್ತಿ ಇದ್ದರೆ ಇರುವುದು ಎರಡೇ ದಾರಿ. ತೇವ ತಡೆಯುವ ಎಪಾಕ್ಸಿ ಲೇಪನ ಕೊಟ್ಟು ಅದರ ಮೇಲೆ ಟೈಲ್ ಅಂಟಿಸುವುದು. ಅಥವಾ ಅಂಟಿನ ಯೋಚನೆ ಬಿಟ್ಟು ಲಾಕ್ ಟೈಲ್ ಹಾಸುವುದು. ಅಂಟೇ ಇಲ್ಲದ ಮೇಲೆ ಕರಗುವುದಕ್ಕೆ ಏನಿದೆ?

## ನೆಲ ತಯಾರಿ

ಗ್ಯಾರೇಜಿನ ನೆಲದಲ್ಲಿ ವರ್ಷಗಳ ಎಣ್ಣೆ ಇಳಿದಿರುತ್ತದೆ. ನಾಲ್ಕು ಹನಿ ನೀರು ಹಾಕಿ ನೋಡಿ. ನೀರು ಇಂಗಿ ಕಪ್ಪಾದರೆ ನೆಲ ಅಂಟನ್ನು ಹಿಡಿಯುತ್ತದೆ. ಮುತ್ತಿನಂತೆ ಗುಂಡಗೆ ನಿಂತರೆ ಅಲ್ಲಿ ಎಣ್ಣೆಯೋ ಹಳೆಯ ಬಣ್ಣವೋ ರಂಧ್ರ ಮುಚ್ಚಲು ಹಚ್ಚಿದ ಸೀಲರೋ ಇದೆ. ಎಣ್ಣೆಗೆ ಡಿಗ್ರೀಸರ್ ಸುರಿದು ಗಟ್ಟಿ ಬ್ರಷ್‌ನಿಂದ ತಿಕ್ಕಿ ತೊಳೆದು, ಮತ್ತೆ ಪೂರ್ತಿ ಒಣಗಲು ಬಿಡಬೇಕು. ಬಣ್ಣ, ಸೀಲರ್ ಇದ್ದರೆ ಗ್ರೈಂಡರ್ ಹಿಡಿಯಬೇಕು. ಕಾಂಕ್ರೀಟಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡರೆ ಸಾಲದು. ಧೂಳು ಹೀರುವ ವ್ಯಾಕ್ಯೂಮ್, ಸರಿಯಾದ ಮಾಸ್ಕ್ ಎರಡೂ ಬೇಕು.

ಹಳೆಯ ಟೈಲು ಈಗಾಗಲೇ ಇದ್ದರೆ ಸ್ವಲ್ಪ ನಿಲ್ಲಿ. 1980ರ ದಶಕಕ್ಕೆ ಮುಂಚೆ ಹಾಕಿದ ಟೈಲುಗಳಲ್ಲಿ, ಮುಖ್ಯವಾಗಿ 9 ಇಂಚಿನ ಚೌಕ ಟೈಲುಗಳಲ್ಲಿ ಮತ್ತು ಅವುಗಳ ಕೆಳಗಿನ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೂತಲ್ಲೇ ಇದ್ದರೆ ಅದರಿಂದ ಅಪಾಯ ಕಡಿಮೆ. ಒಡೆದು, ಉಜ್ಜಿ ಧೂಳೆಬ್ಬಿಸಿದರೆ ಅಪಾಯ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವವರೆಗೆ ಅದಕ್ಕೆ ಕೈ ಹಚ್ಚಬೇಡಿ.

ಏರುಪೇರು ಎಷ್ಟಿದ್ದರೆ ನಡೆಯುತ್ತದೆ? 3 ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲಿಟ್ಟರೆ ಅದರ ಕೆಳಗೆ 5 ಮಿ.ಮೀ.ಗಿಂತ ಜಾಸ್ತಿ ಸಂದು ಕಾಣಬಾರದು. ಇದು ಸಪಾಟಾಗಿರುವ ಮಾತು, ಮಟ್ಟವಾಗಿರುವ ಮಾತಲ್ಲ. ಗ್ಯಾರೇಜಿನ ನೆಲ ಬಾಗಿಲ ಕಡೆಗೋ ಮೋರಿಯ ಕಡೆಗೋ ಇಳಿಜಾರಾಗಿರುತ್ತದೆ. ನೀರು ಹರಿದು ಹೋಗಲಿ ಎಂದು ಬೇಕಂತಲೇ ಹಾಗೆ ಮಾಡಿರುತ್ತಾರೆ. ರಸಮಟ್ಟ ಇಟ್ಟು ನೋಡಿ, ಗುಳ್ಳೆ ನಡುವೆ ನಿಲ್ಲಲಿಲ್ಲ ಎಂದು ಅದನ್ನು ತುಂಬಿಸಲು ಹೋಗಬೇಡಿ. ವಿನೈಲ್ ಇಳಿಜಾರಿಗೆ ಒಗ್ಗಿಕೊಳ್ಳುತ್ತದೆ.

ಅಲುಗದ ಬಿರುಕು, ಗುಂಡಿಗಳನ್ನು ಸಿಮೆಂಟಿನ ಪ್ಯಾಚ್‌ನಿಂದ ಮುಚ್ಚಬಹುದು. ಆದರೆ ಕಾಂಕ್ರೀಟ್ ಹಿಗ್ಗಿ ಕುಗ್ಗಲೆಂದು ಪೂರ್ತಿ ಬಿಟ್ಟ ಸಂದು ಬೇರೆ. ಅದರ ಮೇಲೆ ಟೈಲ್ ಅಂಟಿಸಿದರೆ ನೆಲ ಅಲ್ಲಿ ಅಲುಗಿದ ದಿನ ಟೈಲೂ ಸೀಳುತ್ತದೆ. ಅಲ್ಲಿಗೆ ಟೈಲ್ ನಿಲ್ಲಿಸಿ, ಮೇಲೊಂದು ಲೋಹದ ಪಟ್ಟಿ ಕೊಡುವುದು ಸರಿ.

## ಗೆರೆ

ಟೈಲ್ ಪೆಟ್ಟಿಗೆಗಳನ್ನು ಎರಡು ದಿನ ಮುಂಚೆಯೇ ಗ್ಯಾರೇಜಿನಲ್ಲಿಡಿ. ನೆಲವೂ ಟೈಲೂ ಒಂದೇ ಬಿಸಿಗೆ ಬರಬೇಕು. 18ರಿಂದ 29 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲಸ ಮಾಡಿದರೆ ಚೆನ್ನ. ತಣ್ಣಗಿರುವ ವಿಸಿಟಿ ಗಾಜಿನ ಹಾಗೆ ಮುರಿಯುತ್ತದೆ.

ಎದುರುಬದುರು ಗೋಡೆಗಳ ನಡುಮಧ್ಯ ಗುರುತಿಸಿ, ಬಣ್ಣದ ಪುಡಿ ಹಚ್ಚಿದ ದಾರ ಎಳೆದು ಹೊಡೆದರೆ ನೆಲದ ಮೇಲೆ ನೇರ ಗೆರೆ ಮೂಡುತ್ತದೆ. ಅಡ್ಡಕ್ಕೆ ಇನ್ನೊಂದು. ಎರಡೂ ಸೇರುವ ಮೂಲೆ ಸರಿಯಿದೆಯಾ ಎಂದು ನೋಡಲು ಶಾಲೆಯಲ್ಲಿ ಕಲಿತ ಲೆಕ್ಕ ಸಾಕು. ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. ಗೋಡೆಯನ್ನು ನಂಬಿ ಶುರು ಮಾಡಬೇಡಿ, ನೇರವಾದ ಗೋಡೆ ಸಿಗುವುದು ಅಪರೂಪ.

ಆಮೇಲೆ ಅಂಟಿಲ್ಲದೆ ಒಂದು ಸಾಲು ಹಾಸಿ ನೋಡಿ. ಗೋಡೆಯ ಹತ್ತಿರ ಎರಡು ಬೆರಳಗಲದ ಚೂರು ಉಳಿದರೆ ಗೆರೆಯನ್ನು ಅರ್ಧ ಟೈಲಿನಷ್ಟು ಸರಿಸಿ. ಸಣ್ಣ ಚೂರು ಬೇಗ ಕಿತ್ತು ಬರುತ್ತದೆ. ಬಾಗಿಲ ಅಂಚಿನಲ್ಲಂತೂ ಪೂರ್ತಿ ಟೈಲೇ ಬರಲಿ. ಚಕ್ರ ದಿನಾ ಹತ್ತಿಳಿಯುವುದು ಅಲ್ಲೇ.

## ಅಂಟು ಹಚ್ಚಿ, ಕಾಯಿರಿ

ಈ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ಜಾಸ್ತಿ ಬೇಕಾಗುವುದು ಇಲ್ಲಿ. ಸಣ್ಣ ಹಲ್ಲಿನ ಕರಣೆಯಿಂದ ಅಂಟನ್ನು ಎಳೆದರೆ ಬಾಚಣಿಗೆ ಆಡಿಸಿದಂತೆ ಸಾಲು ಸಾಲು ಗೆರೆ ಬರುತ್ತದೆ. ಹಲ್ಲಿನ ಅಳತೆ ಡಬ್ಬಿಯ ಮೇಲಿರುತ್ತದೆ. ‘ಸ್ವಲ್ಪ ಜಾಸ್ತಿ ಇರಲಿ, ಗಟ್ಟಿ ಹಿಡಿಯುತ್ತೆ’ ಅನ್ನುವ ಲೆಕ್ಕ ಇಲ್ಲಿ ಉಲ್ಟಾ. ಜಾಸ್ತಿಯಾದ ಅಂಟು ಒಣಗದೆ ಮೆತ್ತಗೇ ಉಳಿದು ಸಂದಿಯಿಂದ ಮೇಲೆ ಬರುತ್ತದೆ.

ವಿಸಿಟಿಯ ಅಂಟು ಹಚ್ಚಿದಾಗ ಹಾಲಿನಂತೆ ಬೆಳ್ಳಗಿರುತ್ತದೆ. ನೀರು ಆರುತ್ತಾ ಹೋದಂತೆ ಗಾಜಿನಂತೆ ತಿಳಿಯಾಗುತ್ತದೆ. ಎಲ್ಲ ಕಡೆಯೂ ತಿಳಿಯಾದ ಮೇಲೆ ಬೆರಳು ಒತ್ತಿ ನೋಡಿ. ಬೆರಳು ಅಂಟಬೇಕು, ಆದರೆ ಎತ್ತಿದಾಗ ಬೆರಳಿಗೆ ಏನೂ ಹತ್ತಿರಬಾರದು. ಟೈಲ್ ಇಡುವ ಹೊತ್ತು ಅದು. ಅವಸರಪಟ್ಟು ಬೆಳ್ಳಗಿರುವಾಗಲೇ ಇಟ್ಟರೆ ಆ ನೀರು ಟೈಲಿನ ಕೆಳಗೇ ಸಿಕ್ಕಿಕೊಳ್ಳುತ್ತದೆ. ಅಷ್ಟು ಕಷ್ಟಪಟ್ಟು ಪರೀಕ್ಷೆ ಮಾಡಿದ ಒಣ ನೆಲಕ್ಕೆ ನಾವೇ ತೇವ ಕೊಟ್ಟಂತಾಯಿತು. ತೀರಾ ತಡವಾದರೆ ಅಂಟಿನ ಹಿಡಿತವೇ ಹೋಗಿರುತ್ತದೆ.

ಟೈಲಿನ ಒಂದು ಅಂಚನ್ನು ಪಕ್ಕದ ಟೈಲಿಗೆ ತಾಗಿಸಿ ಹಿಡಿದು, ಉಳಿದದ್ದನ್ನು ಮೆಲ್ಲಗೆ ಕೆಳಗೆ ಬಿಡಿ. ಜಾರಿಸಿ ಸೇರಿಸಬೇಡಿ. ಜಾರಿಸಿದರೆ ಅಂಟು ಮುಂದಕ್ಕೆ ದೂಡಿಕೊಂಡು ಹೋಗಿ ಸಂದಿಯಲ್ಲಿ ಏಳುತ್ತದೆ. ಮೊದಲ ಟೈಲ್ ಒಂದು ಮಿಲಿಮೀಟರ್ ಓರೆಯಾದರೆ ಇಪ್ಪತ್ತನೆಯದರ ಹೊತ್ತಿಗೆ ಅದು ಎದ್ದು ಕಾಣುತ್ತದೆ, ಹಾಗಾಗಿ ನಡುವಿನ ಮೊದಲ ನಾಲ್ಕು ಟೈಲಿಗೆ ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ. ಒಂದಷ್ಟು ಜಾಗ ಮುಗಿದ ಮೇಲೆ 45 ಕೆ.ಜಿ. ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯಬೇಕು. ಇದನ್ನು ಬಾಡಿಗೆಗೆ ತಂದರಾಯಿತು. ಕಾಲಲ್ಲಿ ತುಳಿದರೆ ಸಾಕು ಎಂದು ಬಿಟ್ಟವರ ಟೈಲುಗಳು ಮೂಲೆಯಿಂದ ಏಳುತ್ತವೆ.

ಕಾರು ನಿಲ್ಲುವ ಭಾಗಕ್ಕೆ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಇನ್ನೂ ಬಲವಾದದ್ದು. ಆದರೆ ಅದು ಬೇಗ ಗಟ್ಟಿಯಾಗುತ್ತದೆ, ತಪ್ಪು ತಿದ್ದಲು ಸಮಯ ಕೊಡುವುದಿಲ್ಲ. ಮೊದಲ ಸಲ ಮಾಡುವವರು ಒಂದು ಸಲಕ್ಕೆ ಸ್ವಲ್ಪವೇ ಬೆರೆಸಿಕೊಳ್ಳುವುದು ವಾಸಿ.

ಗೋಡೆ ಪಕ್ಕದ ಟೈಲ್ ಕತ್ತರಿಸಲು ಅಳತೆ ಪಟ್ಟಿಯೇ ಬೇಡ. ಕೊನೆಯ ಪೂರ್ತಿ ಟೈಲಿನ ಮೇಲೆ ಸರಿಯಾಗಿ ಒಂದು ಟೈಲ್ ಇಡಿ. ಇದು ಕತ್ತರಿಸಬೇಕಾದದ್ದು. ಅದರ ಮೇಲೆ ಮತ್ತೊಂದು ಟೈಲಿಟ್ಟು ಗೋಡೆಯ ಕಡೆಗೆ ಸರಿಸಿ, ಗೋಡೆಗೂ ಅದಕ್ಕೂ ನಡುವೆ 6 ಮಿ.ಮೀ. ಬಿಡಿ. ಈಗ ಮೇಲಿನ ಟೈಲಿನ ಒಳ ಅಂಚಿನಗುಂಟ ಕೆಳಗಿನದರ ಮೇಲೆ ಕಟ್ಟರ್‌ನಿಂದ ಗೆರೆ ಕೊಯ್ಯಿರಿ. ಮುಚ್ಚದೆ ಹೊರಗೆ ಉಳಿದ ತುಂಡು ಆ ಜಾಗಕ್ಕೆ ತಕ್ಕದಾಗಿ ಕೂರುತ್ತದೆ. ಗೋಡೆ ಸೊಟ್ಟಗಿದ್ದರೆ ತುಂಡೂ ಅಷ್ಟೇ ಸೊಟ್ಟಗೆ ಬರುತ್ತದೆ! ವಿಸಿಟಿ ಆದರೆ ಕೊಯ್ದ ಗೆರೆಯಲ್ಲಿ ಮುರಿಯಬಹುದು. ಪೈಪಿನ ಸುತ್ತ ಬರುವ ಬಾಗು ಕತ್ತರಿಸಬೇಕಾದರೆ ಹೀಟ್ ಗನ್‌ನಿಂದ ಬಿಸಿ ಮಾಡಿ, ಟೈಲ್ ಮೆತ್ತಗಾಗುತ್ತದೆ.

ಕೆಲಸ ಮುಗಿದ ಮೇಲೆ ಐದು ದಿನ ನೀರು ಹಾಕಿ ತೊಳೆಯಬೇಡಿ, ಸಂದಿಯಲ್ಲಿ ಇಳಿದೀತು. ಕಾರನ್ನು ಎಷ್ಟು ದಿನ ಹೊರಗಿಡಬೇಕು ಎಂಬುದು ಅಂಟಿನ ಮೇಲೆ ನಿಂತಿದೆ, ಡಬ್ಬಿ ನೋಡಿ.

## ಲಾಕ್ ಟೈಲಿಗೆ ಬೇಕಾದದ್ದು ಜಾಗ

ಇದನ್ನು ಹಾಸಲು ರಬ್ಬರ್ ಸುತ್ತಿಗೆ ಇದ್ದರೆ ಸಾಕು, ಒಂದು ದಿನದ ಕೆಲಸ. ಬಾಗಿಲಿಂದ ಶುರು ಮಾಡಿ ಒಳಗೆ ಹೋಗುವುದು, ಬಾಗಿಲಿಗೆ ಇಳಿಜಾರು ಅಂಚಿನ ಪಟ್ಟಿ ಕೊಡುವುದು. ಮರೆಯಬಾರದ್ದು ಒಂದೇ. ಬಿಸಿಯೇರಿದರೆ ಪಿವಿಸಿ ಹಿಗ್ಗುತ್ತದೆ, ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಜಾಸ್ತಿ. 5 ಮೀಟರ್ ಉದ್ದದ ನೆಲ, ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಗೂ 30 ಡಿಗ್ರಿ ವ್ಯತ್ಯಾಸ ಎಂದರೆ ಒಟ್ಟು ಹಿಗ್ಗು 1 ಸೆಂ.ಮೀ. ಹತ್ತಿರ ಬರುತ್ತದೆ. ಮೆತ್ತನೆಯ ಟೈಲಿನಲ್ಲಿ ಅದಕ್ಕೂ ಜಾಸ್ತಿ. ಗೋಡೆಗೆ ಒತ್ತಿ ಹಾಸಿದ್ದರೆ ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ನಡುವೆ ಗುಡಾರದಂತೆ ಎದ್ದು ನಿಲ್ಲುತ್ತದೆ. ಸುತ್ತಲೂ ಸಂದು ಬಿಡಿ. ಭಾರದ ಕಪಾಟುಗಳನ್ನು ಎರಡೂ ಬದಿ ಇಟ್ಟು ನೆಲವನ್ನು ಬಿಗಿ ಹಿಡಿಯಬೇಡಿ.

## ದಿನದ ಆರೈಕೆ

ಚಕ್ರದ ಜೊತೆ ಬರುವ ಮರಳೇ ಈ ನೆಲವನ್ನು ಸವೆಸುವುದು. ಟೈಲು ಮತ್ತು ಟೈರಿನ ನಡುವೆ ಸಿಕ್ಕ ಒಂದೊಂದು ಕಣವೂ ಉಪ್ಪುಕಾಗದದ ಕೆಲಸ ಮಾಡುತ್ತದೆ. ಹಾಗಾಗಿ ಒರೆಸುವುದಕ್ಕಿಂತ ಗುಡಿಸುವುದು ಮುಖ್ಯ. ಒರೆಸುವಾಗ ಹಿಂಡಿದ ಮಾಪ್, ಕ್ಷಾರವೂ ಆಮ್ಲವೂ ಅಲ್ಲದ ನ್ಯೂಟ್ರಲ್ ಕ್ಲೀನರ್ ಸಾಕು. ಪೈಪ್ ಹಿಡಿದು ನೀರು ಹೊಡೆಯುವುದು ಅಂಟಿಸಿದ ನೆಲಕ್ಕೆ ಒಳ್ಳೆಯದಲ್ಲ.

ಎಂಜಿನ್ ಆಯಿಲ್ ಚೆಲ್ಲಿದರೆ ಗಾಬರಿ ಬೇಡ, ಅವತ್ತೇ ಒರೆಸಿದರೆ ಹೋಗುತ್ತದೆ. ಪೆಟ್ರೋಲ್, ಥಿನ್ನರ್, ಬ್ರೇಕ್ ಆಯಿಲ್ ಹಾಗಲ್ಲ. ಇವು ವಿನೈಲನ್ನೇ ಮೆತ್ತಗೆ ಮಾಡುತ್ತವೆ, ಕೂಡಲೇ ಒರೆಸಬೇಕು. ಅಂಟಿದ ಬಣ್ಣ ತೆಗೆಯಲೆಂದು ಥಿನ್ನರ್ ಹಾಕಿ ಉಜ್ಜಿದರೆ ಬಣ್ಣದ ಜೊತೆ ಟೈಲಿನ ಹೊಳಪೂ ಬರುತ್ತದೆ.

ವಿಸಿಟಿ ಹಾಕಿದವರಿಗೆ ಪಾಲಿಶ್ ಕೆಲಸ ತಪ್ಪಿದ್ದಲ್ಲ. ಶುರುವಿನಲ್ಲಿ ಮೂರರಿಂದ ಐದು ತೆಳು ಕೋಟು, ಒಂದು ಒಣಗಿದ ಮೇಲೆ ಇನ್ನೊಂದು. ಮಾಸಿದಾಗ ಒಂದು ಕೋಟು, ಹಲವು ಕೋಟು ಸೇರಿ ಹಳದಿಯಾದಾಗ ಎಲ್ಲವನ್ನೂ ಕಿತ್ತು ಹೊಸದು. ಎಲ್‌ವಿಟಿಗೆ ಈ ಪಾಲಿಶ್ ಬೇಡ, ಅದರ ಮೇಲಿನ ಪದರಕ್ಕೆ ಅದು ಸರಿಯಾಗಿ ಹಿಡಿಯುವುದೇ ಇಲ್ಲ. ಒಂದು ಎಚ್ಚರಿಕೆ: ಪಾಲಿಶ್ ಮಾಡಿದ ನೆಲದ ಮೇಲೆ ಮಳೆ ನೀರು ಬಿದ್ದರೆ ತುಂಬಾ ಜಾರುತ್ತದೆ.

ಜಾಕ್ ಹಾಕುವಾಗ, ಬೈಕಿನ ಸೈಡ್ ಸ್ಟ್ಯಾಂಡ್ ಇಳಿಸುವಾಗ ಕೆಳಗೊಂದು ಪ್ಲೈವುಡ್ ತುಂಡು ಇರಲಿ. ಟೈರು ಪೋಸ್ಟ್‌ಕಾರ್ಡಿನಷ್ಟು ಜಾಗಕ್ಕೆ ಹಂಚುವ ಭಾರವನ್ನು ಸ್ಟ್ಯಾಂಡು ಅಂಚೆಚೀಟಿಯಷ್ಟು ಜಾಗಕ್ಕೆ ಒತ್ತುತ್ತದೆ. ಆ ಗುಳಿ ಮತ್ತೆ ತುಂಬಿಕೊಳ್ಳುವುದಿಲ್ಲ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸವನ್ನು ಈ ನೆಲದ ಮೇಲೆ ಮಾಡಲೇಬೇಡಿ. ಕಿಡಿ ಬಿದ್ದಲ್ಲಿ ತೂತು, ಸುಟ್ಟ ಪಿವಿಸಿಯಿಂದ ಬರುವ ಹೊಗೆಯೂ ವಿಷ.

## ಒಂದು ಟೈಲ್ ಹಾಳಾದರೆ

ಪೂರ್ತಿ ನೆಲ ಕೀಳಬೇಕಿಲ್ಲ. ಹಾಳಾದ ಟೈಲಿಗೆ ಹೀಟ್ ಗನ್ ಹಿಡಿದು ಮೆತ್ತಗಾದ ಮೇಲೆ ನಡುವಿನಿಂದ ಕತ್ತರಿಸಿ, ಪುಟ್ಟಿ ಬ್ಲೇಡಿನಿಂದ ಅಂಚಿನ ಕಡೆಗೆ ಎಬ್ಬಿಸಿ. ಅಂಚಿನಿಂದ ಶುರು ಮಾಡಿದರೆ ಪಕ್ಕದ ಟೈಲಿನ ಮೂಲೆ ಮುರಿಯುತ್ತದೆ. ಕೆಳಗಿನ ಹಳೆಯ ಅಂಟನ್ನು ಬಿಸಿಯಿರುವಾಗಲೇ ಕೆರೆದು, ಹೊಸ ಅಂಟು ಹಚ್ಚಿ, ತಿಳಿಯಾಗುವವರೆಗೆ ಕಾದು ಹೊಸ ಟೈಲ್ ಇಡಿ.

ಕೊಳ್ಳುವಾಗಲೇ ಶೇ 10ರಷ್ಟು ಜಾಸ್ತಿ ತಂದಿಡಿ ಎನ್ನುವುದು ಇದಕ್ಕೇ. ಒಂದೇ ಹೆಸರಿನ ಬಣ್ಣವೂ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಬೇರೆಯಾಗುತ್ತದೆ. ಹಾಗೆ ತೆಗೆದಿಟ್ಟ ಟೈಲೂ ಐದಾರು ವರ್ಷ ತುಳಿದ ನೆಲದ ನಡುವೆ ಹೊಚ್ಚಹೊಸದಾಗಿ ಎದ್ದು ಕಂಡರೆ ಇನ್ನೊಂದು ಉಪಾಯವಿದೆ. ಗೋಡೆ ಬದಿಯಲ್ಲಿ ಸಾಮಾನು ಇಟ್ಟ ಕಡೆಯಿಂದ ಒಂದು ಹಳೆಯ ಟೈಲನ್ನು ಬಿಸಿ ಮಾಡಿ ಜೋಪಾನವಾಗಿ ಎಬ್ಬಿಸಿ ಮುಂದಕ್ಕೆ ಹಾಕಿ. ಹೊಸ ಟೈಲ್ ಆ ಸಾಮಾನಿನ ಕೆಳಗೆ ಇರಲಿ.